ನಂದಿದುರ್ಗದ ನೆಲದಲ್ಲಿ ಒಂದು ಶರತ್ಕಾಲ



ವರ್ಷಋತುವಿನ ಅಬ್ಬರವಡಗಿ ಆಶ್ವಯುಜ ಮಾಸವು ಕಾಲಿರಿಸಿತೆಂದರೆ ಬಂಗಾರಪೇಟೆಯ ನಮ್ಮ ಬರಹದ ಬಳಗದವರಿಗೆ ಎಲ್ಲಿಲ್ಲದ ಉತ್ಸಾಹ. ವಿಜಯದಶಮಿಯ ಬನ್ನಿಯನ್ನು ಹಂಚಿಕೊಂಡ ಮರುವಾರ ಯಾವುದಾದರೊಂದು ಸ್ಥಳಕ್ಕೆ ಹೋಗಿ, ಅಲ್ಲಿ ಪೂಜೆಯನ್ನು ಪೂರೈಸಿ, ಬುತ್ತಿಯನ್ನು ಬಿಚ್ಚಿ, ವರ್ಷವಿಡೀ ಬರೆದುದನ್ನು ಒಬ್ಬರಿಗೊಬ್ಬರು ಓದಿ ಹೇಳುವುದು ನಾವು ಇಪ್ಪತ್ತು ವರ್ಷಗಳಿಂದ ನಡೆಸಿಕೊಂಡು ಬಂದಿರುವ ಪದ್ಧತಿ. ಅಂತರಗಂಗೆಯಲ್ಲಿ ಕಲ್ಲಿನ ಬಸವಣ್ಣನ ಬಾಯಿಂದ ಬೀಳುವ ನೀರಿನ ಬಳಿ ಕುಳಿತು ಓದಿದ್ದೇವೆ; ಆವಣಿಯ ಬಂಡೆಗಳ ಮೇಲೆ ಓದಿದ್ದೇವೆ; ಕೈವಾರದ ಬೆಟ್ಟದ ಬುಡದಲ್ಲಿಯೂ ಓದಿದ್ದೇವೆ. ಈ ವರ್ಷ ಎಲ್ಲಿಗೆ ಎಂಬ ಪ್ರಶ್ನೆ ಬಂದಾಗ ನಮ್ಮ ಹಿರಿಯರೊಬ್ಬರು "ನಂದಿದುರ್ಗಕ್ಕೆ ಹೋಗೋಣ" ಎಂದರು. ಎಲ್ಲರೂ ಸಂತೋಷದಿಂದ ಒಪ್ಪಿದರು. ಹೊರಡುವ ದಿನ ಮುಂಜಾನೆ ಒಂದು ದಂಪತಿಗಳು ಉಣ್ಣೆಯ ಅಂಗಿ, ಕಿವಿ ಮುಚ್ಚುವ ಟೋಪಿಗಳೊಡನೆ ನಿಲ್ದಾಣಕ್ಕೆ ಬಂದಿದ್ದರು. ಮಂಜು ಮುಸುಕಿದ ನಂದಿಬೆಟ್ಟವನ್ನು ಅವರು ಮನಸ್ಸಿನಲ್ಲಿಟ್ಟುಕೊಂಡಿದ್ದರು. ಹಿರಿಯರು ಹೇಳಿದ್ದುದು ಕೋಲಾರ ಚಿನ್ನದ ಗಣಿಯ ನಂದಿದುರ್ಗವನ್ನು! ಟೋಪಿಗಳು ಚೀಲ ಸೇರಿದವು. ಆ ತಾಯಿಯ ಮುಖ ಮಾತ್ರ ಉರಿಗಾಂ ಬರುವವರೆಗೂ ಅರಳಲಿಲ್ಲ.

ಈ ಎರಡು ನಂದಿದುರ್ಗಗಳ ಸಂಬಂಧವನ್ನು ಓದುಗರಿಗೆ ಇಲ್ಲಿಯೇ ತಿಳಿಸಿಬಿಡುವುದು ಲೇಸು. ಒಂದು, 1,478 ಮೀಟರ್ ಎತ್ತರದ ಗಿರಿ. ಅದರ ಬುಡದಲ್ಲಿ ಭೋಗನಂದೀಶ್ವರನ ಪ್ರಾಚೀನ ದೇವಾಲಯವಿದೆ. 1791ರ ಅಕ್ಟೋಬರಿನಲ್ಲಿ, ಎಂದರೆ ಇಂಥದೇ ಒಂದು ಶರತ್ಕಾಲದಲ್ಲಿ, ಕಾರ್ನ್‌ವಾಲಿಸನ ಸೈನ್ಯವು ಆ ಕೋಟೆಯನ್ನು ಟಿಪ್ಪುವಿನಿಂದ ಗೆದ್ದುಕೊಂಡಿತು. 2007ರಲ್ಲಿ ಚಿಕ್ಕಬಳ್ಳಾಪುರವು ಪ್ರತ್ಯೇಕ ಜಿಲ್ಲೆಯಾದ ಮೇಲೆ ಆ ಬೆಟ್ಟ ನಮ್ಮ ಜಿಲ್ಲೆಯದಲ್ಲ. ಇನ್ನೊಂದು, ಅಲ್ಲಿಂದ ಹೆಚ್ಚು ಕಡಿಮೆ ನೂರು ಕಿಲೋಮೀಟರ್ ದೂರದ ಗಣಿ. ಮೈಸೂರು ಸೀಮೆಯನ್ನು ಕಮಿಷನರರು ಆಳುತ್ತಿದ್ದ ಕಾಲದಲ್ಲಿ ಕೋಲಾರ ಜಿಲ್ಲೆಯು ನಂದಿದುರ್ಗ ವಿಭಾಗಕ್ಕೆ ಸೇರಿತ್ತು. ಆ ಹೆಸರನ್ನೇ ಹೊತ್ತ ಕಂಪನಿಯೊಂದು ಇಲ್ಲಿ ನೆಲವನ್ನು ಅಗೆಯಿತು. ಒಂದು ನಂದಿದುರ್ಗವನ್ನು ಹತ್ತಬೇಕು, ಇನ್ನೊಂದಕ್ಕೆ ಇಳಿಯಬೇಕು. ಈಗ ಇಳಿಯುವಂತೆಯೂ ಇಲ್ಲ. 2001ರ ಫೆಬ್ರವರಿ 28ರಂದು ಗಣಿಗಳ ಕೆಲಸ ನಿಂತುಹೋಯಿತು.

ನಮ್ಮ ಬಳಗವು ಹುಟ್ಟಿದ್ದು ಆ ಮುಚ್ಚುಗಡೆಯ ನೆರಳಿನಲ್ಲಿಯೇ. ಈ ಸೀಮೆಯಲ್ಲಿ ನಮ್ಮ ಸಮಾಜದ ಮನೆಗಳು ಬೆರಳೆಣಿಕೆಯವು. ಗಣಿ ನಿಂತ ಮೂರನೆಯ ವರ್ಷ, ಊರಿನಲ್ಲಿ ಎಲ್ಲೆಲ್ಲಿಯೂ ಬೇಸರವೇ ತುಂಬಿದ್ದಾಗ, ಏಳು ಮನೆಗಳವರು ಸೋಮವಾರದ ಸಂಜೆ ಒಂದೆಡೆ ಸೇರಿ ವಚನಗಳನ್ನು ಓದತೊಡಗಿದೆವು. ಓದಿದ ಮೇಲೆ ನಾವೂ ನಾಲ್ಕು ಸಾಲು ಬರೆಯಬಾರದೇಕೆ ಎಂದು ಒಬ್ಬ ತಾಯಿ ಕೇಳಿದರು. ಭಕ್ತಿ ಮತ್ತು ಪ್ರಕೃತಿ, ಇವೆರಡೇ ವಿಷಯಗಳೆಂದು ನಿರ್ಣಯವಾಯಿತು. ವರ್ಷಕ್ಕೊಂದು ಕೈಬರಹದ ಸಂಚಿಕೆ. ಅದು ಮನೆಯಿಂದ ಮನೆಗೆ ಸಂಚರಿಸುವುದು. ಶರಣರ ಮಾರ್ಗವೂ ಹೀಗೆಯೇ ಇತ್ತಲ್ಲವೆ ಎಂದು ನಾವು ಹೆಮ್ಮೆಪಟ್ಟುಕೊಂಡೆವು. ಕಲ್ಯಾಣದ ಅನುಭವಮಂಟಪದಲ್ಲಿ ದೋಣಿ ನಡೆಸುವ ಚೌಡಯ್ಯನವರು, ದನ ಕಾಯುವ ರಾಮಣ್ಣನವರು, ಬಟ್ಟೆ ಮಡಿ ಮಾಡುವ ಮಾಚಯ್ಯನವರು, ಅಕ್ಕಿ ಆಯುವ ಲಕ್ಕಮ್ಮನವರು ಕೂಡಿ ಕುಳಿತು ನುಡಿದರು. ಮೂವತ್ತಕ್ಕೂ ಹೆಚ್ಚು ಮಂದಿ ವಚನಕಾರ್ತಿಯರ ಹೆಸರುಗಳು ನಮಗೆ ದೊರೆತಿವೆ. ಲೋಕದ ಬೇರೆಡೆ ಹನ್ನೆರಡನೆಯ ಶತಮಾನದಲ್ಲಿ ಇಷ್ಟೊಂದು ಕಾಯಕದವರು ಒಂದೇ ಕಾಲಕ್ಕೆ ಬರಹಗಾರರಾದ ನಿದರ್ಶನವನ್ನು ಹುಡುಕುವುದು ಕಷ್ಟ.

ಆ ಓಲೆಗರಿಗಳ ಮುಂದಿನ ಕಥೆಯೂ ನಮಗೆ ಧೈರ್ಯ ತಂದಿತ್ತು. ವಿಜಾಪುರದಲ್ಲಿ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು ಮನೆಮನೆ, ಮಠಮಠಗಳನ್ನು ತಿರುಗಿ, ಕಟ್ಟುಗಳನ್ನು ಬೇಡಿ ತಂದು, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಬೆಳಕಿಗೆ ತಂದರು, 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ಜಗಲಿಯ ಮೇಲೆ ಪೂಜೆಗೊಳ್ಳುತ್ತಿದ್ದ, ಯಾರೂ ಬಿಚ್ಚದಿದ್ದ ಗಂಟುಗಳು ಹೀಗೆ ಓದುವ ಪುಸ್ತಕಗಳಾದವು. ಬಿಚ್ಚದ ಗಂಟಿಗೂ ಓದದ ಬರಹಕ್ಕೂ ಏನು ವ್ಯತ್ಯಾಸವೆಂಬುದು ನಮಗೆ ಆಗ ಹೊಳೆದಿರಲಿಲ್ಲ. ಅದನ್ನು ಮುಂದೆ ಹೇಳುತ್ತೇವೆ.

ಮೊದಮೊದಲು ನಾವು ಬರೆದುದೆಲ್ಲ ಅನುಕರಣೆ. ಕಂಡಿರದ ಹಂಸಗಳೂ ಕಾಣದ ಕದಳೀವನಗಳೂ ಪುಟಪುಟಗಳಲ್ಲಿ ತುಂಬಿರುತ್ತಿದ್ದವು. ಪ್ರತಿಯೊಬ್ಬರೂ ಒಂದೊಂದು ಅಂಕಿತವನ್ನು ಆರಿಸಿಕೊಂಡು ಕೊನೆಯಲ್ಲಿ ತಪ್ಪದೆ ಇಡುತ್ತಿದ್ದೆವು. ಅಕ್ಕಮಹಾದೇವಿಯವರು ಗಿಳಿ, ಕೋಗಿಲೆ, ತುಂಬಿಗಳನ್ನು ನಿಲ್ಲಿಸಿ ತಮ್ಮ ಚೆನ್ನಮಲ್ಲಿಕಾರ್ಜುನನನ್ನು ಕಂಡಿರಾ ಎಂದು ಕೇಳಿದರೆಂದರೆ, ಅವು ಅವರ ದಾರಿಯಲ್ಲಿ ನಿಜವಾಗಿ ಎದುರಾದ ಹಕ್ಕಿಗಳು. ನಮಗೆ ಎದುರಾಗುತ್ತಿದ್ದುದು ಕಾಗೆ, ಗೊರವಂಕ, ಕೆಂಬೂತ. ಅವುಗಳನ್ನು ನಾವು ಬರೆಯಲೇ ಇಲ್ಲ. ಸುಮಾರು ಹತ್ತು ವರ್ಷಗಳ ತರುವಾಯ ಒಬ್ಬ ಗೃಹಿಣಿ, ತಮ್ಮ ಹಿತ್ತಿಲಿನ ನುಗ್ಗೆಮರಕ್ಕೆ ಕಂಬಳಿಹುಳು ಬಿದ್ದುದನ್ನೂ ಅದನ್ನು ಸುಡಲು ಮನಸ್ಸು ಬಾರದೆ ದಿನವೆಲ್ಲ ತೊಳಲಿದುದನ್ನೂ ಬರೆದು ತಂದರು. ಎಲ್ಲರೂ ನಕ್ಕೆವು, ಮರುಕ್ಷಣ ಸುಮ್ಮನಾದೆವು. ನಮ್ಮ ಬಳಗಕ್ಕೆ ಪ್ರಗತಿಯೆಂಬುದೇನಾದರೂ ಆಗಿದ್ದರೆ ಅದು ಆ ನುಗ್ಗೆಮರದಿಂದ ಮೊದಲಾಯಿತೆಂದು ನಾವು ನಂಬಿದ್ದೇವೆ.

ಭಾನುವಾರ ಬೆಳಗ್ಗೆ ಮಾರಿಕುಪ್ಪಂ ರೈಲಿನಲ್ಲಿ ಹೊರಟೆವು. ಬಂಗಾರಪೇಟೆಗೆ ಮೊದಲು ಬೌರಿಂಗ್‌ಪೇಟೆಯೆಂಬ ಹೆಸರಿತ್ತು, ಕಮಿಷನರ್ ಬೌರಿಂಗನ ನೆನಪಿನಲ್ಲಿ. ಗಣಿಗಾಗಿಯೇ ಹಾಕಿದ ಈ ಕವಲು ದಾರಿ 1894ರಲ್ಲಿ ತೆರೆಯಿತು. ಬಂಗಾರವನ್ನು ಹೊತ್ತೊಯ್ಯಲು ಹಾಕಿದ ಹಳಿಗಳ ಮೇಲೆ ಈಗ ಸಾಗುತ್ತಿರುವುದು ಮನುಷ್ಯರ ದುಡಿಮೆ. ಗಣಿ ಮುಚ್ಚಿದ ಮೇಲೆ ಇಲ್ಲಿನ ಮಕ್ಕಳು ಸಾವಿರಾರು ಸಂಖ್ಯೆಯಲ್ಲಿ ನಿತ್ಯವೂ ನಸುಕಿನಲ್ಲಿ ಬೆಂಗಳೂರಿಗೆ ಹೋಗಿ ರಾತ್ರಿ ಮರಳುತ್ತಾರೆ. ವಾರದ ದಿನವಾಗಿದ್ದರೆ ನಮಗೆ ನಿಲ್ಲಲೂ ಸ್ಥಳ ದೊರೆಯುತ್ತಿರಲಿಲ್ಲ. ಅಂದು ಕಿಟಕಿಯ ಪಕ್ಕದಲ್ಲಿಯೇ ಕುಳಿತೆವು. ಹಿಂದಿನ ರಾತ್ರಿ ಚಿತ್ತೆ ಮಳೆ ಬಿದ್ದಿತ್ತು. ರಾಗಿ ತೆನೆ ತೆಗೆದು ಇನ್ನೂ ಹಸುರಾಗಿಯೇ ನಿಂತಿತ್ತು. ನಡುನಡುವೆ ಅಕ್ಕಡಿ ಸಾಲುಗಳಲ್ಲಿ ಹುಚ್ಚೆಳ್ಳು ಹಳದಿಯಾಗಿ ಅರಳಿ, ಅವರೆ ಹೂ ಕಟ್ಟಲು ಸಿದ್ಧವಾಗಿತ್ತು. ಹಳಿಯ ಬದಿಯ ಕಲ್ಲುರಾಶಿಯ ಮೇಲೆ ತಂಗಡಿ ಹೂ, ಅದರ ಕೆಳಗೆ ತುಂಬೆ. ತುಂಬೆಯ ಬಿಳುಪನ್ನು ಕಂಡೊಡನೆ ನಮ್ಮ ತಾಯಂದಿರಿಗೆ ಪೂಜೆಯ ನೆನಪು. ರೈಲು ನಿಂತಿದ್ದರೆ ಇಳಿದು ಬಿಡಿಸಿಕೊಳ್ಳುತ್ತಿದ್ದರು. ಈಚೆಗೆ ಬಂಗಾರಪೇಟೆಯೆಂದರೆ ಬೆಂಗಳೂರಿನವರು ಪಾನಿಪುರಿ ಎನ್ನುತ್ತಾರೆ. ಇರಲಿ, ಊರಿಗೆ ಹೆಸರು ಯಾವುದರಿಂದಲಾದರೂ ಬರಲಿ. ಆದರೆ ಈ ಅಕ್ಕಡಿ ಸಾಲಿನ ಹುಚ್ಚೆಳ್ಳನ್ನು ಒಮ್ಮೆ ನೋಡಿ ಹೋಗಲಿ.

ಕೋರಮಂಡಲ್ ದಾಟಿ ಉರಿಗಾಂನಲ್ಲಿ ಇಳಿದು, ಉತ್ತರಕ್ಕೆ ನಂದಿದುರ್ಗದ ಕಡೆ ನಡೆದೆವು. ಗಣಿಸಾಲಿನ ಉತ್ತರದ ತುದಿಗೆ ಬಾಲಘಾಟ್, ಅದರ ತೆಂಕಣಕ್ಕೆ ನಂದಿದುರ್ಗ, ಅನಂತರ ಉರಿಗಾಂ, ಚಾಂಪಿಯನ್ ರೀಫ್, ಮೈಸೂರು ಗಣಿ. ಹಿಂದೆ ಯಂತ್ರಗಳ ಸದ್ದಿನಿಂದ ಕಿವಿ ತುಂಬುತ್ತಿದ್ದ ದಾರಿಯಲ್ಲಿ ಅಂದು ಹುಲ್ಲಿನೊಳಗಿನ ಜೀರುಂಡೆಯ ದನಿಯೇ ಪ್ರಧಾನವಾಗಿತ್ತು. ತುಕ್ಕು ಹಿಡಿದ ಉಕ್ಕಿನ ಗೋಪುರ, ಮುಚ್ಚಿದ ಬಾವಿಯ ಬಾಯಿ, ಸೂರು ಕುಸಿದ ಕಟ್ಟಡಗಳು. ನಂದಿದುರ್ಗಕ್ಕೆ ಹೋಗೋಣವೆಂದು ಹೇಳಿದ ಹಿರಿಯರು ಅಲ್ಲಿ ನಿಂತರು. ಅವರು ಗಣಿಯ ಮೇಲ್ಭಾಗದ ಕಾರ್ಯಾಲಯದಲ್ಲಿ ಹಾಜರಿ ಬರೆಯುತ್ತಿದ್ದವರು. ಪಾಳಿಗೆ ಇಳಿದವರ ಹೆಸರು, ಪಾಳಿ ಮುಗಿದು ಮೇಲೆ ಬಂದವರ ಹೆಸರು, ಇಷ್ಟೇ ಅವರ ಬರಹ.

"ಕೆಳಗಿಳಿದವರ ಪಟ್ಟಿಗೂ ಮೇಲೆ ಬಂದವರ ಪಟ್ಟಿಗೂ ತಾಳೆ ಬೀಳುವವರೆಗೆ ನಾನು ಕುರ್ಚಿಯಿಂದ ಏಳುತ್ತಿರಲಿಲ್ಲ" ಎಂದು ಅವರು ಹೇಳಿದರು. "ಒಂದು ಹೆಸರು ಉಳಿದರೆ ಕೈ ನಡುಗುತ್ತಿತ್ತು."

ನೆಲದಾಳದಲ್ಲಿ ಬಂಡೆ ತನ್ನ ಮೇಲಿನ ಭಾರವನ್ನು ತಾಳಲಾರದೆ ಸಿಡಿಯುವುದುಂಟು. ಈ ಗಣಿಗಳವರು ಅದಕ್ಕೆ ಅಂಜಿದಷ್ಟು ಬೇರಾವುದಕ್ಕೂ ಅಂಜುತ್ತಿರಲಿಲ್ಲ. ಚಾಂಪಿಯನ್ ರೀಫ್ ಗಣಿಯು ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿತ್ತು. ಅಲ್ಲಿ ಬಂಡೆಯ ಬಿಸಿ ಅರುವತ್ತು ಡಿಗ್ರಿಯನ್ನು ಮೀರುತ್ತಿತ್ತು. ಮೇಲಿನಿಂದ ತಂಪುಗಾಳಿಯನ್ನು ದೂಡಿದರೆ ಮಾತ್ರ ಮನುಷ್ಯನು ನಿಲ್ಲಬಹುದಾಗಿತ್ತು. 120 ವರ್ಷಗಳಲ್ಲಿ ಸುಮಾರು 800 ಟನ್ ಚಿನ್ನವು ಈ ಗಣಿಗಳಿಂದ ಹೊರಬಂದಿತು. ಹೆಸರು ಬೆಟ್ಟದ್ದು, ನೀರು ಪಾಲಾರ್ ನದಿಯದು, ವಿದ್ಯುತ್ತು ಕಾವೇರಿಯದು. ಶಿವನಸಮುದ್ರದಿಂದ 1902ರಲ್ಲಿ ಇಲ್ಲಿಗೆ ವಿದ್ಯುತ್ತು ಬಂದಿತು, ಬೆಂಗಳೂರಿಗಿಂತ ಮೂರು ವರ್ಷ ಮೊದಲೇ. ಬೆವರು ಮಾತ್ರ ಆರ್ಕಾಟಿನ ತಮಿಳರದು, ನೆರೆಯ ಸೀಮೆಯ ತೆಲುಗರದು. ಅವರಲ್ಲಿ ಬಹುಮಂದಿ ದಲಿತ ಬಂಧುಗಳು. ಹತ್ತಡಿ ಅಗಲದ ಲೈನ್ ಮನೆಗಳಲ್ಲಿ ಅವರ ಸಂಸಾರಗಳು ತಲೆಮಾರುಗಳನ್ನು ಕಳೆದವು.

ಶರಣರು ಕಣ್ಣಿಗೆ ಕಾಣದ ಪರವಸ್ತುವನ್ನು ಹೇಳಬೇಕಾದಾಗ ನೆಲದೊಳಗೆ ಹುದುಗಿರುವ ನಿಧಿಯ ಹೋಲಿಕೆಯನ್ನು ಮತ್ತೆ ಮತ್ತೆ ತಂದಿದ್ದಾರೆ. ಚಿನ್ನದ ಗಣಿಯ ಮೇಲೆ ಕುಳಿತು ಅದನ್ನು ಓದುವವರಿಗೆ ಅದು ಬರಿಯ ಹೋಲಿಕೆಯಾಗಿ ಉಳಿಯುವುದಿಲ್ಲ. 1965ರಲ್ಲಿ ಇನ್ನೊಂದು ವಿಸ್ಮಯವೂ ಇಲ್ಲಿ ನಡೆಯಿತು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಜಪಾನ್ ಮತ್ತು ಇಂಗ್ಲೆಂಡುಗಳ ಸಂಗಡಿಗರೊಡನೆ ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ ಉಪಕರಣಗಳನ್ನಿಟ್ಟು, ವಾತಾವರಣದಲ್ಲಿ ಹುಟ್ಟಿ ಭೂಮಿಯನ್ನೇ ತೂರಿ ಹೋಗುವ ನ್ಯೂಟ್ರಿನೊ ಎಂಬ ಕಣದ ಗುರುತನ್ನು ಕಂಡರು. ಲೋಕದಲ್ಲಿ ಅಂಥ ನ್ಯೂಟ್ರಿನೊಗಳ ಸುಳಿವು ಸಿಕ್ಕಿದ್ದು ಆ ವರ್ಷವೇ ಮೊದಲು. ಆಕಾಶದಿಂದ ಬಂದುದನ್ನು ಅರಿಯಲು ಪಾತಾಳಕ್ಕೆ ಇಳಿಯಬೇಕಾಯಿತು! ಬೇರೆ ಕಣಗಳ ಗದ್ದಲವನ್ನೆಲ್ಲ ಮೇಲಿನ ಬಂಡೆಯು ತಡೆಯುತ್ತದೆ. ಆ ನಿಶ್ಶಬ್ದದಲ್ಲಿ ಮಾತ್ರ ಅದರ ಗುರುತು ಸಿಗುತ್ತದೆ. ಇದನ್ನು ಕೇಳಿದ ನಮ್ಮ ಬಳಗದ ವಿದ್ಯಾರ್ಥಿಯೊಬ್ಬನು ಇಡೀ ಮಧ್ಯಾಹ್ನ ಬೇರೇನನ್ನೂ ಮಾತನಾಡಲಿಲ್ಲ.

ನಮ್ಮ ಕಣ್ಣ ಮುಂದೆ ಇದ್ದುದು ಮಾತ್ರ ದಿಬ್ಬ. ಕೆ.ಜಿ.ಎಫ್. ಕಂಡವರೆಲ್ಲರೂ ಆ ಬೂದು ಬಣ್ಣದ ಚಪ್ಪಟೆ ಗುಡ್ಡಗಳನ್ನು ಬಲ್ಲರು. 2018ರ ಚಲನಚಿತ್ರದ ಅನಂತರ ಅವುಗಳನ್ನು ನೋಡಲೆಂದೇ ಯುವಕರು ಬರುತ್ತಾರೆ. ಕಲ್ಲನ್ನು ಹಿಟ್ಟಿನಂತೆ ಪುಡಿಮಾಡಿ, ಸೈನೈಡ್ ದ್ರಾವಣದಲ್ಲಿ ಚಿನ್ನವನ್ನು ಕರಗಿಸಿ ತೆಗೆದ ಮೇಲೆ ಉಳಿದ ಕೆಸರನ್ನು ಸುರಿದು ಸುರಿದು ಆದ ಗುಡ್ಡಗಳವು. ಕೊನೆಗಾಲದಲ್ಲಿ ಒಂದು ಟನ್ ಕಲ್ಲಿನಲ್ಲಿ ದೊರೆಯುತ್ತಿದ್ದುದು ನಾಲ್ಕಾರು ಗ್ರಾಂ ಚಿನ್ನವಷ್ಟೆ, ಉಳಿದುದೆಲ್ಲ ದಿಬ್ಬಕ್ಕೆ. ಬೇಸಗೆಯ ಗಾಳಿಗೆ ಅದರ ಧೂಳೆದ್ದು ಮನೆಗಳ ಮೇಲೆ ಬೀಳುತ್ತದೆ. ಮಳೆಗಾಲದ ಕೊನೆಯಾದ್ದರಿಂದ ಅಂದು ಧೂಳಿರಲಿಲ್ಲ. ದಿಬ್ಬದ ಮೈಮೇಲೆ ನೀರು ಕೊರೆದ ಸಾವಿರ ಸುಕ್ಕುಗಳಿದ್ದವು. ಬುಡದಲ್ಲಿ ಅಲ್ಲಲ್ಲಿ ಜಾಲಿ ಮತ್ತು ಹುಲ್ಲು. ಹುಲ್ಲಿನ ಅಂಚಿನಲ್ಲಿ ನಿಂತ ಮಳೆನೀರಿನ ಬಳಿ ಬಾಲ ಕುಣಿಸುತ್ತ ಒಂದು ಸಿಪಿಲೆ ಹಕ್ಕಿ ಓಡಾಡುತ್ತಿತ್ತು. ಉತ್ತರದ ಚಳಿನಾಡುಗಳಿಂದ ಶರತ್ಕಾಲಕ್ಕೆ ಸರಿಯಾಗಿ ಬರುವ ಅತಿಥಿ ಅದು, ಇಲ್ಲಿಯೂ ಬರುತ್ತದೆ.

ಆ ದಿಬ್ಬವನ್ನು ಕಂಡಾಗ ನಮ್ಮ ಮನಸ್ಸು ಕುಗ್ಗಿತು. ಅದರ ಕಾರಣವನ್ನು ಮುಚ್ಚಿಡದೆ ಹೇಳಬೇಕು. ಹನ್ನೆರಡು ವರ್ಷಗಳ ಹಿಂದೆ, ಕಾಲೇಜಿನಲ್ಲಿ ಓದುತ್ತಿದ್ದ ಒಬ್ಬ ಹುಡುಗಿ ನಮ್ಮ ಸೋಮವಾರದ ಕೂಟಕ್ಕೆ ಬರುತ್ತಿದ್ದಳು. ನಮ್ಮ ಸಮಾಜದವಳಲ್ಲ. ನಂದಿದುರ್ಗದ ಲೈನ್ ಮನೆಯವಳು. ಮನೆಯ ಮಾತು ತಮಿಳು. ಕನ್ನಡ ಶಾಲೆಯಲ್ಲಿ ಓದಿ, ಕನ್ನಡವನ್ನು ಪ್ರೀತಿಸಿ ಬಂದವಳು. ಆ ವರ್ಷದ ಸಂಚಿಕೆಗೆ ಅವಳು ಎರಡು ಪುಟ ಬರೆದು ತಂದಿದ್ದಳು. ತಾಯಿ ಒಗೆದು ಹಾಕಿದ ಬಟ್ಟೆಯ ಮೇಲೆ ದಿಬ್ಬದ ಧೂಳು ಬಿದ್ದು ಮತ್ತೆ ಒಗೆಯುವುದು, ಪೂಜೆಗೆಂದು ಬಿಡಿಸಿದ ಹೂವನ್ನು ಊದಿ ಊದಿ ಬುಟ್ಟಿಗೆ ಹಾಕುವುದು, ಗಣಿಯ ಧೂಳನ್ನು ಎದೆಯಲ್ಲಿ ತುಂಬಿಕೊಂಡ ತಂದೆ ರಾತ್ರಿಯಿಡೀ ಕುಳಿತೇ ನಿದ್ರಿಸುವುದು, ಇಷ್ಟನ್ನೇ ಬರೆದಿದ್ದಳು. ಸಂಚಿಕೆಯನ್ನು ತಿದ್ದಿ ಜೋಡಿಸುವ ಕೆಲಸ ನಮ್ಮದಾಗಿತ್ತು. "ಬರಹ ಚೆನ್ನಾಗಿದೆ ಮಗು, ಆದರೆ ಇದರಲ್ಲಿ ಭಕ್ತಿಯೂ ಇಲ್ಲ, ಪ್ರಕೃತಿಯೂ ಇಲ್ಲ" ಎಂದು ಹೇಳಿ ಪುಟಗಳನ್ನು ಹಿಂದಿರುಗಿಸಿದವರು ಈ ಸಾಲುಗಳನ್ನು ಬರೆಯುತ್ತಿರುವ ನಾವೇ. ಅವಳು ಎದುರಾಡದೆ ಮಡಿಚಿ ಚೀಲದಲ್ಲಿಟ್ಟುಕೊಂಡಳು. ಮರುವಾರದಿಂದ ಬರಲಿಲ್ಲ. ಆ ವರ್ಷದ ಸಂಚಿಕೆಯಲ್ಲಿ ನಮ್ಮದೇ ಒಂದು ಬರಹ ಮೊದಲ ಪುಟದಲ್ಲಿತ್ತು. ಅದರಲ್ಲಿ ಎರಡು ಹಂಸಗಳಿದ್ದವು.

ಎದುರಿಗೆ ಬಂದ ಎಲ್ಲರನ್ನೂ ನಮ್ಮವರೆಂದೇ ಎಣಿಸಬೇಕೆಂದು ಕಲಿಸಿದ ಗುರುವಿನ ಮಕ್ಕಳು ನಾವು. ಸೊನ್ನಲಿಗೆಯ ಸಿದ್ಧರಾಮೇಶ್ವರರು ಕೆರೆಯನ್ನು ಕಟ್ಟಿಸಿದರು. ಮಣ್ಣಿನ ಕೆಲಸವನ್ನು ಮಾಡಿದವರೇ ವಚನಗಳನ್ನೂ ನುಡಿದರು. ಒಕ್ಕಲಿಗ ಮುದ್ದಣ್ಣನವರು ಬೇಸಾಯವನ್ನೇ ಸಾಧನೆಯ ಭಾಷೆಯಾಗಿ ಮಾಡಿಕೊಂಡರು. ಇವರಿಗೆ ಪ್ರಕೃತಿಯೆಂದರೆ ಕೈಗೆ ಹತ್ತಿದ ಮಣ್ಣು, ಕಾಯಕದಲ್ಲಿ ಎದುರಾದ ನೆಲ, ನೀರು, ದನ, ಬಿದಿರು. ಗಣಿಯ ಕೆಲಸಗಾರನ ಮಗಳಿಗೆ ಎದುರಾದ ನೆಲ ದಿಬ್ಬದ ನೆಲವೇ ಆಗಿತ್ತು. ಅದನ್ನು ಅವಳು ಬರೆದಳು. ವಚನಗಳನ್ನು ಹತ್ತು ವರ್ಷ ಓದಿದ ನಾವು ಗುರುತಿಸದೆ ಹೋದೆವು. ನುಗ್ಗೆಮರದ ಕಂಬಳಿಹುಳುವನ್ನು ಮೆಚ್ಚಿದ ಮರುವರ್ಷವೇ ಇದು ನಡೆದುದು; ಅಷ್ಟರಮಟ್ಟಿಗೆ ನಮ್ಮ ಪ್ರಗತಿ!

ಹಾಜರಿ ಬರೆಯುತ್ತಿದ್ದ ಹಿರಿಯರಿಗೆ ಈ ಸಂಗತಿ ತಿಳಿದಿತ್ತು. ಆ ಹುಡುಗಿಯ ತಂದೆಯ ಹೆಸರನ್ನು ಅವರು ತಮ್ಮ ಪುಸ್ತಕದಲ್ಲಿ ವರ್ಷಗಟ್ಟಲೆ ಬರೆದವರು. ನಂದಿದುರ್ಗಕ್ಕೇ ಹೋಗೋಣವೆಂದು ಅವರು ಪಟ್ಟು ಹಿಡಿದುದು ಏಕೆಂದು ನಮಗೆ ಅಲ್ಲಿ ಅರ್ಥವಾಯಿತು. ಬೇವಿನ ಮರದ ನೆರಳಿನಲ್ಲಿ ಪೂಜೆ, ಪ್ರಸಾದಗಳಾದ ಮೇಲೆ (ರಾಗಿರೊಟ್ಟಿ, ಹುಚ್ಚೆಳ್ಳು ಪುಡಿ, ಚಿತ್ರಾನ್ನ, ಮೊಸರನ್ನ, ಉಣ್ಣೆಯ ಅಂಗಿ ತಂದಿದ್ದ ತಾಯಿಯ ಚಿತ್ರಾನ್ನಕ್ಕೆ ಎರಡನೆಯ ಬಾರಿ ಕೈಯೊಡ್ಡದವರಿಲ್ಲ) ಬರಹಗಳನ್ನು ಓದತೊಡಗಿದೆವು. ನಾಲ್ವರು ಓದಿದರು. ಐದನೆಯವರು ಏಳುವ ಮೊದಲೇ ಹಿರಿಯರು ಎದ್ದು, "ನೀರು ಮುಗಿದಿದೆ, ಆ ಸಾಲಿನ ಮನೆಯಲ್ಲಿ ಕೇಳೋಣ ಬನ್ನಿ" ಎಂದು ನಮ್ಮನ್ನು ಕರೆದುಕೊಂಡು ಹೊರಟರು. ನೀರಿನ ಬಾಟಲಿಗಳು ಇನ್ನೂ ಅರ್ಧ ತುಂಬಿದ್ದವು. ನಾವೇನೂ ಹೇಳಲಿಲ್ಲ.

ಬಾಗಿಲಲ್ಲಿ ತಾಯಿ ನಿಂತಿದ್ದರು. "ಬನ್ನಿ ಅಣ್ಣಾ" ಎಂದು ಹಿರಿಯರನ್ನು ಕರೆದರು, ನಮ್ಮನ್ನೂ ಕುಳ್ಳಿರಿಸಿದರು. ಗೋಡೆಯ ಮೇಲೆ ಗಂಡನ ಭಾವಚಿತ್ರ, ಅದಕ್ಕೆ ತುಂಬೆ ಹೂವಿನ ಸಣ್ಣ ಮಾಲೆ. ಮಗಳು ಒಳಗಿನಿಂದ ಬಂದಳು. ಈಗ ಅವಳಿಗೆ ಮೂವತ್ತು ವರ್ಷ; ಬೆಂಗಳೂರಿನಲ್ಲಿ ನೌಕರಿ. ವಾರಕ್ಕೆ ಆರು ದಿನ ಕತ್ತಲಿರುವಾಗಲೇ ರೈಲು ಹತ್ತುತ್ತಾಳೆ.

"ಚೆನ್ನಾಗಿದ್ದೀರಾ ಮೇಷ್ಟ್ರೇ?" ಎಂದಳು.

ನಾವು ಹೇಳಬೇಕೆಂದುಕೊಂಡುದನ್ನು ಹೇಳಿದೆವು. ಅಂದು ತಪ್ಪು ಮಾಡಿದೆವು, ಆ ಪುಟಗಳು ಇದ್ದರೆ ಈ ವರ್ಷದ ಸಂಚಿಕೆಗೆ ಕೊಡಬೇಕು ಎಂದು ಕೇಳಿದೆವು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದನ್ನು ಅವತ್ತೇ ಹರಿದುಹಾಕಿದೆ ಮೇಷ್ಟ್ರೇ" ಎಂದಳು. ಕೋಪವಿರಲಿಲ್ಲ ಆ ಮಾತಿನಲ್ಲಿ. ಅದರಿಂದ ನಮಗೆ ಸಮಾಧಾನವೇನೂ ಆಗಲಿಲ್ಲ.

ಹಿರಿಯರೇ ಮಾತು ತೆಗೆದು, ಈಗ ಏನಾದರೂ ಬರೆಯುತ್ತೀಯಾ ತಾಯಿ ಎಂದು ವಿಚಾರಿಸಿದರು. ಅವಳು ಕಪಾಟಿನಿಂದ ಶಾಲೆಯ ಮಕ್ಕಳ ಮೂರು ನೋಟ್‌ಪುಸ್ತಕಗಳನ್ನು ತಂದಳು. ರೈಲಿನ ಕಿಟಕಿಯಿಂದ ಕಂಡುದನ್ನು ಒಂಬತ್ತು ವರ್ಷಗಳಿಂದ ಬರೆದಿಟ್ಟಿದ್ದಾಳೆ. ದಿನಕ್ಕೆ ಒಂದು ಸಾಲು, ಕೆಲವು ದಿನ ಎರಡು. ಟೇಕಲ್ ಬಳಿಯ ಬಂಡೆಯ ಮೇಲೆ ಮೊದಲ ಬಿಸಿಲು ಯಾವ ತಿಂಗಳಲ್ಲಿ ಯಾವ ಗೂಟಕ್ಕೆ ಬೀಳುತ್ತದೆ. ಮಾಲೂರಿನ ದಾರಿಯ ಕೆರೆಯಲ್ಲಿ ನೀರು ಯಾವ ವರ್ಷ ಎಲ್ಲಿಯವರೆಗಿತ್ತು. 2021ರ ನವೆಂಬರಿನ ಮಳೆಯಲ್ಲಿ ಹಳಿಯ ಎರಡೂ ಬದಿಗೆ ಆಕಾಶ ಹೇಗೆ ಬಿದ್ದಿತ್ತು. ಯಾವ ಈಚಲಮರದಲ್ಲಿ ಗೀಜುಗನ ಗೂಡುಗಳಿದ್ದವು, ಆ ಮರ ಯಾವಾಗ ಇಲ್ಲವಾಯಿತು. ತಂದೆ ತೀರಿಕೊಂಡ ದಿನದ ಸಾಲಿನಲ್ಲಿ ಅಂದು ರೈಲು ಹತ್ತಲಿಲ್ಲವೆಂದು ಮಾತ್ರ ಇತ್ತು. ನಾವು ಪುಟಗಳನ್ನು ತಿರುವುತ್ತ ಹೋದೆವು. ಎಲ್ಲಿಯೂ ದೇವರ ಹೆಸರಿಲ್ಲ. ಆದರೆ ಒಂಬತ್ತು ವರ್ಷ ಒಂದೇ ಕಿಟಕಿಯಿಂದ, ಒಂದು ದಿನವೂ ಬೇಸರಿಸದೆ, ಇದ್ದುದನ್ನು ಇದ್ದಂತೆ ನೋಡುವುದಕ್ಕೆ ಏನೆಂದು ಹೆಸರಿಡಬೇಕು? ನಾವು ಇಪ್ಪತ್ತು ವರ್ಷಗಳಿಂದ ನಿಷ್ಠೆಯೆಂದು ಬರೆಯುತ್ತಿದ್ದುದು ಇದನ್ನೇ ಎಂದು ನಮಗೆ ತೋರಿತು.

ಸಂಚಿಕೆಗೆ ಕೊಡುವೆಯಾ ಎಂದು ಮತ್ತೆ ಕೇಳಲು ನಮಗೆ ನಾಲಗೆ ಏಳಲಿಲ್ಲ. ಉಣ್ಣೆಯ ಅಂಗಿಯ ತಾಯಿ ಕೇಳಿದರು. ಹುಡುಗಿ ಒಪ್ಪಿದಳು, ಷರತ್ತಿನೊಡನೆ. "ತಿದ್ದಬಾರದು. ಕೊನೆಗೆ ಅಂಕಿತ ಸೇರಿಸಬಾರದು. ಈ ವರ್ಷದ್ದು ಮಾತ್ರ ಕೊಡುತ್ತೇನೆ. ಹಳೆಯದು ನನ್ನ ಹತ್ತಿರವೇ ಇರಲಿ." ತಿದ್ದುವುದು ನಮ್ಮ ಮೂವತ್ತು ವರ್ಷಗಳ ಉಪಾಧ್ಯಾಯ ವೃತ್ತಿಯ ಕೆಟ್ಟ ಚಾಳಿ. ಅವಳ ಮೊದಲ ಪುಟದಲ್ಲಿಯೇ ಎರಡು ಕಡೆ ಒತ್ತಕ್ಷರ ತಪ್ಪಿತ್ತು. ಕೈಯನ್ನು ಮಡಿಲಲ್ಲಿಟ್ಟುಕೊಂಡು ಒಪ್ಪಿದೆವು.

ಆ ದಿಬ್ಬಗಳೂ ಎಂದೆಂದಿಗೂ ಇರಲಾರವು. ಅವುಗಳಲ್ಲಿ ಉಳಿದಿರುವ ಅಲ್ಪಸ್ವಲ್ಪ ಚಿನ್ನವನ್ನು ಮತ್ತೆ ಸೋಸಿ ತೆಗೆಯುವ ಕೇಂದ್ರದ ಯೋಜನೆಗೆ ರಾಜ್ಯದ ಸಚಿವ ಸಂಪುಟವು 2024ರ ಜೂನ್ ತಿಂಗಳಿನಲ್ಲಿ ಒಪ್ಪಿಗೆ ಕೊಟ್ಟಿದೆ. ತೆಗೆಯುವಾಗ ಧೂಳು ಎಷ್ಟು ಏಳುವುದೋ ಎಂದು ಆ ತಾಯಿಗೆ ಚಿಂತೆ. ಕೆಲಸ ಯಾರಿಗೆ ಸಿಗುವುದೋ ಎಂದು ನೆರೆಮನೆಯ ಯುವಕನಿಗೆ ಆಸೆ. ಇಬ್ಬರ ಮಾತಿನಲ್ಲಿಯೂ ನ್ಯಾಯವಿದೆ. ನಮ್ಮ ಸಂಚಿಕೆಯಲ್ಲಿ ದಿಬ್ಬದ ಒಂದು ಸರಿಯಾದ ವರ್ಣನೆಯೂ ಇದುವರೆಗೆ ಇಲ್ಲವೆಂಬುದು ಅಲ್ಲಿ ಕುಳಿತವರೆಲ್ಲರಿಗೂ ನೆನಪಾಯಿತು.

ಇಳಿಹೊತ್ತಿಗೆ ಬೇತಮಂಗಲಕ್ಕೆ ಹೋದೆವು. ತಾಯಿ ಮಗಳು ಇಬ್ಬರೂ ನಮ್ಮೊಡನೆ ಬಂದರು. ನಂದಿಯ ಸೀಮೆಯಲ್ಲಿ ಹುಟ್ಟುವ ಪಾಲಾರ್ ನದಿಯನ್ನು ತಡೆದು ನಿಲ್ಲಿಸಿದ ಈ ಕೆರೆಯ ನೀರೇ ಗಣಿಯ ಊರಿಗೆ ಕೊಳವೆಗಳಲ್ಲಿ ಹರಿಯುತ್ತಿದ್ದುದು. ಬೆಟ್ಟದ ನಂದಿದುರ್ಗಕ್ಕೂ ಗಣಿಯ ನಂದಿದುರ್ಗಕ್ಕೂ ಹೆಸರನ್ನು ಬಿಟ್ಟರೆ ಇನ್ನೊಂದು ನಂಟಿದ್ದರೆ ಅದು ಈ ನೀರು. ಮುಂದೆ ಅದು ಆಂಧ್ರವನ್ನು ಹಾಯ್ದು ತಮಿಳುನಾಡಿನ ಬಯಲುಗಳಲ್ಲಿ ಸಾಗಿ ಸಮುದ್ರ ಸೇರುತ್ತದೆ. ಗಣಿಗೆ ದುಡಿಯಲು ಬಂದವರ ಊರುಗಳು ಆ ದಡದಲ್ಲಿಯೂ ಇವೆ. ಕೆರೆಯ ಏರಿಯ ಮೇಲೆ ಕುಳಿತು ಉಳಿದ ಬರಹಗಳನ್ನು ಓದಿದೆವು. ಬಿಸಿಲು ಹಳದಿಯಾಗಿ, 2018ರಿಂದ ಜಿಲ್ಲೆಯ ಕೆರೆಗಳಿಗೆ ಬರುತ್ತಿರುವ ಬೆಂಗಳೂರಿನ ಶುದ್ಧೀಕರಿಸಿದ ನೀರಿನ ಬಗೆಗೆ ಒಂದಿಷ್ಟು ವಾದವೂ ನಡೆಯಿತು. ಅಂತರ್ಜಲ ಏರಿದೆಯೆಂದು ಕೆಲವರು, ಆ ನೀರು ನಂಬತಕ್ಕದ್ದೆ ಎಂದು ಕೆಲವರು. ಹುಡುಗಿ ವಾದಕ್ಕೆ ಸೇರಲಿಲ್ಲ. ನೀರಿನ ಅಂಚಿನಲ್ಲಿ ಬೆಳ್ಳಕ್ಕಿಗಳನ್ನು ಎಣಿಸುತ್ತಿದ್ದಳು.

ಹಿಂದಿರುಗುವಾಗ ಮುಂದಿನ ಕೂಟದ ಮಾತು ಬಂದಿತು. ಇಪ್ಪತ್ತು ವರ್ಷಗಳಿಂದ ನಮ್ಮ ಕೂಟ ಸೋಮವಾರದ ಸಂಜೆ ಐದು ಗಂಟೆಗೆ ನಡೆಯುತ್ತಿದೆ. ಸೋಮವಾರ ಶಿವನ ವಾರವೆಂದು ಅದನ್ನು ಕದಲಿಸಲು ಯಾರೂ ಒಪ್ಪಿರಲಿಲ್ಲ. ಸೋಮವಾರ ಐದು ಗಂಟೆಗೆ ಅವಳು ಬೆಂಗಳೂರಿನಲ್ಲಿರುತ್ತಾಳೆ, ಮನೆ ಸೇರುವಾಗ ರಾತ್ರಿ ಒಂಬತ್ತು. ಹಾಜರಿಯ ಹಿರಿಯರು ತಮ್ಮ ಕೈಚೀಲದಿಂದ ಪುಟ್ಟ ಪುಸ್ತಕವನ್ನು ತೆಗೆದು, ಕಾರ್ತಿಕದ ಮೊದಲ ಕೂಟ ಭಾನುವಾರ ಬೆಳಗ್ಗೆ ಹತ್ತಕ್ಕೆ ಎಂದು ಬರೆದುಕೊಂಡರು. ಕೆಳಗೆ ಬರುವವರ ಹೆಸರುಗಳನ್ನು ಒಂದೊಂದಾಗಿ ಕೇಳಿ ಬರೆದರು. ಹದಿನಾಲ್ಕು ಹೆಸರುಗಳಾದವು.